ಓವನ್ನಿನ ತಳದ ಬೆಳ್ಳಿ ಹಾಳೆ

ಒಳಗೆ ತಲೆ ಹಾಕಿದರೆ ನನ್ನ ಉಸಿರು ನನಗೇ ವಾಪಸು ಬರುತ್ತದೆ, ಬೆಚ್ಚಗೆ, ತುಸು ತಡವಾಗಿ, ಇದು ನನ್ನದಲ್ಲವೇನೋ ಅನ್ನಿಸುವಷ್ಟು ತಡವಾಗಿ — ನಿಲ್ಲಿಸಿದರೆ ಅದೂ ನಿಲ್ಲುತ್ತದೆ, ಬಿಟ್ಟರೆ ಅದೂ ಬಿಡುತ್ತದೆ, ಇಲ್ಲ, ಇದು ಬರೀ ತಗಡಿನ ಡಬ್ಬಿ, ಯಾವ ಡಬ್ಬಿಯೊಳಗೆ ತಲೆ ತೂರಿಸಿದರೂ ಹೀಗೇ ಆಗುತ್ತದೆ, ಉಜ್ಜು, ಸುಮ್ಮನೆ ಉಜ್ಜು. ಬೆಳಿಗ್ಗೆ ಎದ್ದ ಕೂಡಲೇ ಬಳಿದಿಟ್ಟ ಅಡುಗೆ ಸೋಡಾ ಈಗ ಒಣಗಿ ಗೋಡೆಯ ಸುಣ್ಣದ ಹಾಗೆ ಬಿರುಕು ಬಿಟ್ಟಿದೆ, ಒದ್ದೆ ಬಟ್ಟೆ ಒತ್ತಿದರೆ ಜಿಡ್ಡಿನ ಸಮೇತ ಕಂದು ಕಂದಾಗಿ ಇಳಿಯುತ್ತದೆ, ಮೊಣಕೈವರೆಗೆ ಕೈಗವಸು, ಮೊಣಕಾಲ ಕೆಳಗೆ ಹಳೆಯ ದಿಂಬು, ಗ್ಯಾಸಿನ ಕೀಲಿ ತಿರುಗಿಸಿ ಮುಚ್ಚಿದ್ದೇನೆ, ಎರಡು ಸಲ ನೋಡಿದ್ದೇನೆ, ಮತ್ತೆ ನೋಡಬೇಕೆನ್ನಿಸುತ್ತಿದೆ, ಸರಳುಗಳ ತಟ್ಟೆಗಳೆಲ್ಲ ಬಚ್ಚಲಲ್ಲಿ ಬಿಸಿನೀರು ಸೋಪಿನಲ್ಲಿ ಮುಳುಗಿವೆ. ಇಷ್ಟು ದಿನ ಹೀಗೆ ತೊಳೆದಿರಲಿಲ್ಲ, ಮೇಲೆ ಮೇಲೆ ಒರೆಸುತ್ತಿದ್ದೆ ಅಷ್ಟೆ, ಅವರು ಹೇಳಿದ್ದರಲ್ಲ, ಮದುವೆಯಾಗಿ ಬಂದ ದಿನವೇ, ಈ ಬಾಗಿಲಲ್ಲಿ ನಿಂತು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, ನೋಡು, ಅಡುಗೆಮನೆ ಮಾತ್ರ ಅವಳು ಇಟ್ಟ ಹಾಗೇ ಇದ್ದುಬಿಡ್ಲಿ, ಮಗೂಗೋಸ್ಕರ, ನಿನಗೇನು ಬೇಜಾರಿಲ್ಲ ತಾನೇ. ನನಗೇನು ಬೇಜಾರು. ಉಪ್ಪಿನ ಡಬ್ಬಿ ಮೇಲಿನ ಹಲಗೆಯಲ್ಲೇ ಇದೆ, ಅವಳು, ಅವರ ಮೊದಲನೆಯವಳು, ಎತ್ತರದ ಹೆಂಗಸು, ನನಗೆ ಸ್ಟೂಲು ಬೇಕು, ಪ್ರತಿ ಸಲ ಸ್ಟೂಲು ಹತ್ತಿ ಉಪ್ಪು ಇಳಿಸಿ ಮತ್ತೆ ಹತ್ತಿ ಅಲ್ಲೇ ಇಡುತ್ತೇನೆ, ಕೆಳಗಿನ ಮನೆಯ ಟೈಲರಕ್ಕ ನೋಡಿ ನಕ್ಕಿದ್ದಳು, ಏನಮ್ಮ ಇದು, ಉಪ್ಪಿಗೂ ದೇವಸ್ಥಾನ ಕಟ್ಟಿಟ್ಟಿದಾರಾ ನಿಮ್ಮನೇಲಿ. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿ ಕನ್ನಡಕ ಕೊಡುವ ಮನುಷ್ಯ, ಮನೆಯಲ್ಲಿ ಹೆಂಡತಿ ಸ್ಟೂಲು ಹತ್ತುವುದು ಮಾತ್ರ ಕಾಣುವುದಿಲ್ಲ — ಹೋಗಲಿ, ಬೈಯಬಾರದು, ಒಳ್ಳೆಯವರೇ, ಕಂಡದ್ದನ್ನು ಕಂಡೆ ಎನ್ನಲು ಹೆದರುವ ಪೈಕಿ ಅಷ್ಟೆ.

ಗೋಡೆ ಆಯಿತು, ಬಾಗಿಲಿನ ಗಾಜು ಆಯಿತು, ಬಾಗಿಲ ಸುತ್ತಲಿನ ರಬ್ಬರನ್ನು ಉಜ್ಜಬಾರದು, ಸುಮ್ಮನೆ ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ಹರಿಯುತ್ತದೆ. ಬೆನ್ನ ಹಿಂದೆ ಕುರ್ಚಿ. ನೋಡುವುದಿಲ್ಲ. ಬೆಳಗಿನ ಹೊತ್ತು ಅದು ಬರೀ ಕುರ್ಚಿ, ಕಿಟಕಿಯ ಪಕ್ಕ, ಒಂದು ಕಾಲು ತುಸು ಗಿಡ್ಡ, ಕೂತರೆ ಟಕ್ ಅನ್ನುತ್ತದೆ, ಆ ಟಕ್ ನನಗೆ ಗೊತ್ತು, ಬುಧವಾರ ಸಂಜೆಗಳಲ್ಲಿ, ಬ್ರೆಡ್ಡಿನ ಹಿಟ್ಟು ಒಳಗಿಟ್ಟು ಬಾಗಿಲು ಹಾಕಿ ಸ್ವಲ್ಪ ಹೊತ್ತಾದ ಮೇಲೆ, ಹೊರಗೆ ಚಳಿ, ಕಿಟಕಿ ಗಟ್ಟಿಯಾಗಿ ಮುಚ್ಚಿ ಸಂದಿಗೆಲ್ಲ ಅವರು ಟೇಪು ಅಂಟಿಸಿದ್ದಾರೆ, ಮನೆಯೆಲ್ಲ ಬೇಯುವ ಹಿಟ್ಟಿನ ವಾಸನೆ, ಆಗ ಟಕ್. ಮೊದಲ ಸಲ ತಿರುಗಿ ನೋಡಿದ್ದೆ, ಯಾರೂ ಇರಲಿಲ್ಲ, ಆದರೆ ಇಲ್ಲದಿರುವುದಕ್ಕೂ ಒಂದು ಆಕಾರ ಇರುತ್ತದೆಯಲ್ಲ, ಈಗ ತಾನೇ ಎದ್ದು ಹೋದವರ ಜಾಗದ ಹಾಗೆ. ಆಮೇಲೆ ತಿರುಗುವುದು ಬಿಟ್ಟೆ. ತಿರುಗದಿದ್ದರೆ ಕಣ್ಣಿನ ತುದಿಯಲ್ಲಿ ಹಸಿರು ಸ್ವೆಟರಿನ ತೋಳು ಕಾಣುತ್ತದೆ, ಮೇಜಿನ ಮೇಲೆ ಒರಗಿಸಿಟ್ಟ ತೋಳು, ಹಸಿರು ಸ್ವೆಟರು ಅವಳದು ಎಂದು ನನಗೆ ಯಾರೂ ಹೇಳಿರಲಿಲ್ಲ — ಹೇಳಿದ್ದರೇನೋ, ಫೋಟೋದಲ್ಲಿ ನೋಡಿದ್ದೆನೇನೋ. ಅದರ ಮುಂದಿನ ವಾರ, ಓವನ್ ಕಾಯಲು ಹಚ್ಚಿಟ್ಟು ಹಿಟ್ಟು ನಾದುತ್ತಿದ್ದಾಗ ಕಿವಿಯ ಹತ್ತಿರ, ಉಪ್ಪು, ಅಂತ, ಮೆತ್ತಗೆ, ಗದರಿಕೆಯಲ್ಲ, ನೆನಪಿಸುವ ದನಿ, ಮತ್ತು ನಾನು ನಿಜವಾಗಿಯೂ ಉಪ್ಪು ಹಾಕಿರಲಿಲ್ಲ. ಹೆದರಬೇಕಿತ್ತು. ಹೆದರಿಕೆಯಾಗಲಿಲ್ಲ, ಈ ಮನೆಗೆ ಬಂದ ಮೇಲೆ ನನ್ನ ಹತ್ತಿರ ತಾನಾಗಿಯೇ ಮಾತಾಡಿದ ಮೊದಲ ಹೆಂಗಸು ಅವಳು, ಸ್ಟೂಲು ಹತ್ತಿ ಉಪ್ಪು ಇಳಿಸಿ, ಥ್ಯಾಂಕ್ಸ್ ಅಕ್ಕ ಅಂದುಬಿಟ್ಟೆ, ಜೋರಾಗಿಯೇ. ಬಾಗಿಲಲ್ಲಿ ಕಡ್ಡಿ ನಿಂತಿದ್ದಳು.

ಕಡ್ಡಿ — ಅವಳ ಮಗಳು, ಅವರ ಮಗಳು, ನನ್ನ ಏನು ಎಂದು ಇನ್ನೂ ತೀರ್ಮಾನವಾಗಿಲ್ಲ. ತೆಳ್ಳಗೆ ಕಡ್ಡಿಯ ಹಾಗಿದ್ದಾಳೆ ಎಂದು ಅಪ್ಪ ಇಟ್ಟ ಹೆಸರು. ಚಿಕ್ಕಮ್ಮ ಅನ್ನು ಎಂದು ಅಪ್ಪ ಹೇಳಿಕೊಟ್ಟರು, ಅನ್ನಲಿಲ್ಲ, ಹೆಸರು ಹಿಡಿದೂ ಕರೆಯಲಿಲ್ಲ, ಏನೂ ಕರೆಯದೆ ನೇರ ಮಾತು ಶುರುಮಾಡುತ್ತಾಳೆ, ಪೆನ್ಸಿಲ್ ಮುಗ್ದಿದೆ, ಹಾಲು ಬೇಡ, ಬಸ್ಸು ಬಂತು. ಆ ಸಂಜೆ ಮಾತ್ರ ಹತ್ತಿರ ಬಂದು ನನ್ನ ಮುಖವನ್ನೇ ದಿಟ್ಟಿಸಿ, ನಿಮಗೂ ಕಾಣ್ತಾಳಾ, ಅಂದಳು. ಯಾರು ಪುಟ್ಟ. ಅಮ್ಮ. ನಾನು ಏನನ್ನಬೇಕಿತ್ತು, ಇಲ್ಲ ಅನ್ನಬೇಕಿತ್ತೇ, ಕಾಣಲ್ಲ, ಕೇಳ್ಸುತ್ತೆ, ಅಂದೆ. ಕಡ್ಡಿ ತಲೆಯಾಡಿಸಿದಳು, ಪರೀಕ್ಷೆಯಲ್ಲಿ ಪಾಸು ಮಾಡಿದ ಮೇಷ್ಟ್ರ ಹಾಗೆ. ಅಂದಿನಿಂದ ಬುಧವಾರ ಸಂಜೆ ಪುಸ್ತಕ ತಂದು ಇಲ್ಲೇ ಮೇಜಿಗೆ ಕೂರುತ್ತಾಳೆ, ಕುರ್ಚಿಯ ಎದುರು, ನಾವು ಮೂವರು, ನಾನು ಹಿಟ್ಟಿನ ಕೈಯಲ್ಲಿ, ಅವಳು ಲೆಕ್ಕ ಮಾಡುತ್ತ, ನಡುವೆ ಕುರ್ಚಿಯ ಕಡೆ ನೋಡಿ ನಗುತ್ತ, ಒಮ್ಮೊಮ್ಮೆ ನನಗೆ ಅರ್ಥ ಹೇಳುತ್ತ, ನೀವು ಕೇಕು ಚೆನ್ನಾಗಿ ಮಾಡ್ತೀರಂತೆ, ಅಮ್ಮ ಹೇಳ್ತಿದಾಳೆ. ತಲೆ ಭಾರ, ಕಣ್ಣ ಹಿಂದೆ ಒತ್ತಿದ ಹಾಗೆ, ಆದರೂ ವಾರವೆಲ್ಲ ಆ ಸಂಜೆಗಾಗಿ ಕಾಯುತ್ತಿದ್ದೆ, ಒಂದು ಮಗು ನನ್ನ ಮೊಣಕೈ ತಾಗುವಷ್ಟು ಹತ್ತಿರ ಕೂತಿದೆ ಎಂದು. ಸತ್ತವಳು ಕೊಟ್ಟದ್ದು ಇದು, ಬದುಕಿದ್ದವರು ಯಾರೂ ಕೊಟ್ಟಿರಲಿಲ್ಲ. ಅವರಿಗೆ ಹೇಳಲಿಲ್ಲ, ಅವರು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಓವನ್ ಆರಿರುತ್ತದೆ, ಕುರ್ಚಿ ಬರೀ ಕುರ್ಚಿಯಾಗಿರುತ್ತದೆ.

ನಿನ್ನೆ. ನಿನ್ನೆಯದನ್ನು ನೆನೆಯಬಾರದು ಅಂದುಕೊಂಡಷ್ಟೂ ಬಟ್ಟೆ ಹಿಂಡುವ ಕೈ ನಿಲ್ಲುತ್ತದೆ — ಕೇಕಿನ ಹಿಟ್ಟು ಉಕ್ಕಿ ತಳಕ್ಕೆ ಸುರಿಯಿತು, ಚುರ್ ಎಂದು ಹೊಗೆ, ನಾನು ಗ್ಯಾಸು ಆರಿಸಿ ಹೊಗೆ ಹೋಗಲೆಂದು ಕಿಟಕಿಯ ಟೇಪನ್ನು ಕಿತ್ತು ತೆರೆದೆ, ಮುಖಕ್ಕೆ ಚಳಿ ಹೊಡೆಯಿತು, ತಿರುಗಿ ನೋಡಿದರೆ ಕಡ್ಡಿ ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಿದ್ದಾಳೆ. ಕಡ್ಡೀ, ಏಳು. ಏಳಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ, ಗೊಂಬೆಯ ಹಾಗೆ ತಲೆ ಆ ಕಡೆ ಈ ಕಡೆ, ಕೆನ್ನೆ ಎಷ್ಟು ಕೆಂಪಗೆ, ಯಾರೋ ರಂಗು ಹಚ್ಚಿದ ಹಾಗೆ, ಎತ್ತಿಕೊಂಡು ಕಿಟಕಿಯ ಹತ್ತಿರ ತಂದೆ, ಎತ್ತಿಕೊಂಡಾಗ ಕೈ ನನ್ನ ಕುತ್ತಿಗೆಗೆ ಬಂತು, ಮೊದಲ ಸಲ, ನಿದ್ದೆಯಲ್ಲಿ, ಗಾಳಿಗೆ ಕಣ್ಣು ಬಿಟ್ಟಳು, ಬಿಟ್ಟವಳು ಸಿಂಕಿಗೆ ವಾಂತಿ ಮಾಡಿದಳು. ಜ್ವರ ಇಲ್ಲ. ಏನೋ ತಿಂದಿರ್ಬೇಕು ಸ್ಕೂಲಲ್ಲಿ, ಎಂದರು ಅವರು ಬಂದು, ನಾಳೆ ಪರೀಕ್ಷೆ ಇದೆ ಅಂತ ನಾಟಕಾನೂ ಇರಬಹುದು ಬಿಡು, ಇವಳ ಅತ್ತೆನೂ ಹಿಂಗೇ ಮಾಡ್ತಿದ್ಲು ಚಿಕ್ಕೋಳಿದ್ದಾಗ. ಬೆಳಿಗ್ಗೆ ಸರಿಯಾಗಿದ್ದಳು, ಹೋದಳು. ಪರೀಕ್ಷೆ ಮುಗಿಸಿ ಮಧ್ಯಾಹ್ನಕ್ಕೆ ಬರುತ್ತಾಳೆ. ಅಷ್ಟರಲ್ಲಿ ತಳ ಆಗಬೇಕು.

ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಳೆ ಹಾಸಿದ್ದೇನೆ, ನಾನೇ, ಬಂದ ಹೊಸದರಲ್ಲಿ, ಏಕೆಂದರೆ ಅಲ್ಲಿ ಮೊದಲೇ ಒಂದು ಹಾಳೆ ಇತ್ತು, ಹಳತಾಗಿ ಕಂದಾಗಿತ್ತು, ಅದು ಈ ಮನೆಯ ಪದ್ಧತಿ ಅಂದುಕೊಂಡು, ಅವಳು ಇಟ್ಟದ್ದನ್ನು ತೆಗೆಯಬಾರದಲ್ಲ ಎಂದು ಅದರ ಮೇಲೆಯೇ ಹೊಸದು ಹಾಸಿದೆ, ಉಪ್ಪಿನ ಡಬ್ಬಿಯನ್ನು ಮೇಲೇ ಬಿಟ್ಟ ಹಾಗೆ. ನನ್ನ ಹಾಳೆ ಸುಲಭವಾಗಿ ಬಂತು, ಉಕ್ಕಿದ ಹಿಟ್ಟು ಅದರ ಮೇಲೆ ಕಲ್ಲಿದ್ದಲಾಗಿದೆ. ಅವಳದು ಬರುವುದಿಲ್ಲ, ಚಾಕುವಿನ ಮೊಂಡು ಅಂಚು ತೂರಿಸಿ ಎಬ್ಬಿಸಬೇಕು, ಎಷ್ಟು ಶ್ರದ್ಧೆಯಿಂದ ಹಾಸಿದ್ದಾಳೆ ಮಾರಾಯ್ತಿ, ಸುತ್ತ ನಾಲ್ಕೂ ಅಂಚಿನಲ್ಲಿ ಹೆಬ್ಬೆರಳಿಂದ ಒತ್ತಿ ಒತ್ತಿ ಕೂರಿಸಿದ್ದಾಳೆ, ಒಂದರ ಪಕ್ಕ ಒಂದು ತಗ್ಗು, ಸಾಲಾಗಿ, ಹೊಲಿಗೆ ಹಾಕಿದ ಹಾಗೆ, ಕೈಗವಸು ತೆಗೆದು ನನ್ನ ಹೆಬ್ಬೆರಳು ಇಟ್ಟು ನೋಡಿದೆ, ಹಿಡಿಸಲಿಲ್ಲ, ಅಷ್ಟೆತ್ತರದ ಹೆಂಗಸಿಗೆ ಇಷ್ಟು ಚಿಕ್ಕ ಕೈಯೇ. ಅಂಚು ಎದ್ದಿತು, ಸರಕ್ ಎಂದು ಪೂರ್ತಿ ಎದ್ದಿತು, ಮತ್ತು ಅದರ ಕೆಳಗೆ ತಗಡಿನ ಎರಡೂ ಬದಿಗೆ ಉದ್ದುದ್ದ ಸೀಳುಗಳು. ಸೀಳುಗಳ ಸುತ್ತ ಮಸಿ. ಒರೆಸಿದರೆ ಬೆರಳಿಗೆ ಮೆತ್ತುವ ವೆಲ್ವೆಟ್ಟಿನಂಥ ಮಸಿ. ಇದು ಜಿಡ್ಡಲ್ಲ. ಇದು — ತಡಿ. ತಡಿ. ಬೆಂಕಿ ಈ ತಗಡಿನ ಕೆಳಗೆ, ಗ್ಯಾಸು ಅಲ್ಲಿ ಉರಿಯುತ್ತದೆ, ಈ ಸೀಳುಗಳಿಂದ ಬಿಸಿ ಮೇಲೆ ಬರಬೇಕು, ಗಾಳಿ ಓಡಾಡಬೇಕು, ಸೀಳು ಮುಚ್ಚಿದರೆ ಬೆಂಕಿಗೆ ಉಸಿರು ಎಲ್ಲಿಂದ.

ಹಾಸ್ಟೆಲ್ಲಿನ ಹುಡುಗಿಯರು. ಮದುವೆಗೆ ಮುಂಚೆ ನಾನು ಅಡುಗೆ ಮಾಡುತ್ತಿದ್ದ ಹಾಸ್ಟೆಲ್, ಚಳಿಗೆ ಕಿಟಕಿಗೆ ಕಂಬಳಿ ತುರುಕಿ ಗ್ಯಾಸಿನ ಬಾಯ್ಲರ್ ಹಚ್ಚಿಕೊಂಡು ಸ್ನಾನಕ್ಕೆ ಇಳಿದ ಅಕ್ಕತಂಗಿಯರು, ಬಾಗಿಲು ಒಡೆದು ತೆಗೆದಾಗ ಇಬ್ಬರ ಕೆನ್ನೆಯೂ ಕೆಂಪು, ತಂಗಿ ಬದುಕಿಕೊಂಡಳು, ಡಾಕ್ಟರು ವಾರ್ಡನ್ನಿಗೆ ಹೇಳುತ್ತಿದ್ದುದನ್ನು ಚಹಾ ಕೊಡುತ್ತ ಕೇಳಿಸಿಕೊಂಡಿದ್ದೆ, ಗಾಳಿ ಸಾಲದ ಬೆಂಕಿ ವಿಷ ಬಿಡುತ್ತೆ ಮೇಡಂ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆನೋವು ಬರುತ್ತೆ, ಓಕರಿಕೆ ಬರುತ್ತೆ, ಇಲ್ಲದ್ದೆಲ್ಲ ಕಾಣುತ್ತೆ, ನಿದ್ದೆ ಬಂತು ಅನ್ಸುತ್ತೆ, ಅಷ್ಟೆ. ಇಲ್ಲದ್ದೆಲ್ಲ ಕಾಣುತ್ತೆ. ಬದುಕಿದ ತಂಗಿ ಹೇಳುತ್ತಿದ್ದಳು, ಸತ್ತ ಅಜ್ಜಿ ಬಂದು ಬಕೆಟ್ಟಿನ ಮೇಲೆ ಕೂತಿದ್ದರು, ಅಡುಗೆಮನೆಯಲ್ಲಿ ನಾವೆಲ್ಲ, ಅಯ್ಯೋ ಪಾಪ, ಕರೆಯೋಕೆ ಬಂದಿದ್ರೇನೋ ಅಜ್ಜಿ, ಎಂದು ಮಾತಾಡಿಕೊಂಡಿದ್ದೆವು. ಮತ್ತೆ ಟೈಲರಕ್ಕ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, ಹಿಂದೊಮ್ಮೆ ಇಲ್ಲೇ ನನ್ನ ಅಳತೆ ತೆಗೆಯುತ್ತ, ಇದೇ ಕುರ್ಚೀಲಿ ಕಣಮ್ಮ, ಮೇಜಿನ ಮೇಲೆ ತಲೆಯಿಟ್ಟು, ಮಗು ನಮ್ಮನೇಲಿ ಯೂನಿಫಾರಂ ಹಾಕ್ಕೊಂಡು ನೋಡ್ತಿತ್ತು ಆಗ, ನಾನೇ ಮೊದಲು ನೋಡಿದ್ದು, ಸತ್ತೋಳ ಹಾಗೆ ಇರಲೇ ಇಲ್ಲ, ಕೆನ್ನೆ ಸೇಬಿನ ಹಾಗೆ, ಎಬ್ಬಿಸೋಕೆ ಹೋಗಿದೀನಿ ನಾನು, ಏಯ್ ಕೇಕು ಸೀದು ಹೋಗ್ತಿದೆ ಏಳೇ ಅಂತ ಬೈದಿದೀನಿ, ಹಾರ್ಟು ಅಂದ್ರು ಡಾಕ್ಟರು, ಎದೆ ಹೊಡ್ಕೊಳ್ಳುತ್ತೆ ತಲೆ ನೋಯುತ್ತೆ ಅಂತಿದ್ಲು ಒಂದಷ್ಟು ದಿನದಿಂದ, ಇನ್ನೇನು ಹಾರ್ಟೇ, ಕೈ ಎತ್ತು. ಕೇಕು ಸೀದು ಹೋಗುತ್ತಿತ್ತು. ಓವನ್ ಉರಿಯುತ್ತಿತ್ತು. ಕೆನ್ನೆ ಸೇಬಿನ ಹಾಗೆ. ನಿನ್ನೆ ಕಡ್ಡಿಯ ಕೆನ್ನೆ.

ಎದ್ದು ನಿಂತೆ, ಕೂತೆ, ಕಾಲು ಮರಗಟ್ಟಿದೆ. ಅಂದರೆ ಅವಳು ಬಂದಿರಲಿಲ್ಲ. ಟಕ್ ಅಂದದ್ದು ಯಾರೂ ಅಲ್ಲ, ಉಪ್ಪು ಎಂದವರು ಯಾರೂ ಅಲ್ಲ, ನನ್ನ ತಲೆಯೊಳಗೆ ನಾನೇ, ನಾನೇ ನನಗೆ ಅಕ್ಕನಾಗಿ, ಎಂಥ ಅವಸ್ಥೆ. ಅಥವಾ ಬಂದಿದ್ದಳು, ಅದೇ ದಾರಿಯಿಂದ, ತಾನು ಹೋದ ಬಾಗಿಲು ಇನ್ನೂ ತೆರೆದೇ ಇದ್ದುದರಿಂದ — ಛೆ, ಹಾಗೆ ಯೋಚಿಸಬಾರದು, ಕೆಲಸ ಮಾಡು, ಕಿಟಕಿ ಪೂರ್ತಿ ತೆರೆ. ತಿರುಪು ಬಿಚ್ಚಿ ತಳದ ತಗಡು ಎತ್ತಿದೆ, ಕೆಳಗೆ ಉದ್ದ ಕೊಳವೆ, ಸಣ್ಣ ಸಣ್ಣ ತೂತು, ಅರ್ಧ ಮುಚ್ಚಿಹೋಗಿವೆ, ನೀರು ತಾಗಿಸಬಾರದು ಇದಕ್ಕೆ, ಒಣ ಬ್ರಷ್ಷಿನಲ್ಲೇ, ಹಳೆಯ ಹಲ್ಲುಜ್ಜುವ ಬ್ರಷ್ಷು, ಕಟ್ಟಿಕೊಂಡಲ್ಲಿ ಸೂಜಿ ತುದಿ, ಮೆಲ್ಲಗೆ, ತೂತು ದೊಡ್ಡದಾಗಬಾರದು, ಮಸಿಯನ್ನು ಒಣ ಬಟ್ಟೆಗೆ ಎತ್ತಿಕೊಳ್ಳಬೇಕು. ಪಾಪ, ಅವಳದೇನು ತಪ್ಪು, ಎಷ್ಟು ಅಚ್ಚುಕಟ್ಟಿನ ಹೆಂಗಸು, ತಳಕ್ಕೆ ಒಂದು ಹನಿ ಬೀಳಬಾರದೆಂದು ಹಾಸಿಕೊಂಡಳು, ನಾನೂ ಹಾಸಿದೆ, ಎಲ್ಲರೂ ಹಾಸುತ್ತಾರೇನೋ, ಹೊಳೆಯುತ್ತಿದ್ದರೆ ಶುದ್ಧ ಎಂದುಕೊಳ್ಳುವ ಜಾತಿ ನಮ್ಮದು. ಸಂಜೆ ಅವರಿಗೆ ಹೇಳಿಬಿಡಬೇಕು. ರೀ, ಕೂತ್ಕೊಳ್ಳಿ, ಒಂದು ಮಾತು. ಹಾರ್ಟಲ್ಲ ರೀ ಅದು. ಅಳುತ್ತಾರೆ, ಅಳಲಿ, ಗೊತ್ತಾಗಬೇಕಲ್ಲ. ಕಡ್ಡಿಗೂ ಹೇಳಬೇಕು, ನಿಧಾನಕ್ಕೆ, ನೋಡು ಪುಟ್ಟ, ನಮಗೆ ಕಾಣ್ತಿದ್ದದ್ದು ಅಮ್ಮ ಅಲ್ಲ, ಗಾಳಿ ಇಲ್ಲದೆ ನಮ್ಮ ತಲೆ ಹಾಗೆ ಮಾಡ್ತಿತ್ತು — ನಾನು ಹೇಳುವುದು, ನಾನು, ಎರಡನೆಯವಳು, ನಿನ್ನ ಅಮ್ಮ ಬರುತ್ತಿದ್ದದ್ದು ಸುಳ್ಳು ಎಂದು. ಎಷ್ಟು ಚೆನ್ನಾಗಿ ಒಪ್ಪುತ್ತದೆ ನನ್ನ ಬಾಯಿಗೆ. ಆದರೂ ಹೇಳಬೇಕು, ಬುದ್ಧಿ ಇದೆ ಮಗುವಿಗೆ, ಇವತ್ತಲ್ಲ ನಾಳೆ ಅರ್ಥ ಮಾಡಿಕೊಳ್ಳುತ್ತದೆ, ನಿಜ ಹೇಳಿದರೆ ಯಾರೂ ಕೆಡುವುದಿಲ್ಲ.

ಬಾಗಿಲ ಸದ್ದು, ಬ್ಯಾಗು ಬಿದ್ದ ಸದ್ದು, ಇಷ್ಟು ಬೇಗ ಮಧ್ಯಾಹ್ನ ಆಯಿತೇ. ಚಳಿ ಚಳಿ, ಕಿಟಕಿ ಯಾಕೆ ತೆಗ್ದಿದೀರಾ, ಎನ್ನುತ್ತ ಬಂದವಳು ನಿಂತುಬಿಟ್ಟಳು. ನೆಲದ ಮೇಲೆ ಹಾಸಿದ ಪೇಪರು, ಅದರ ಮೇಲೆ ಎರಡು ಹಾಳೆ, ಎತ್ತಿಟ್ಟ ತಗಡು. ಅವಳ ಕಣ್ಣು ನನ್ನ ಹಾಳೆಯನ್ನು ಬಿಟ್ಟು ಹಳೆಯದರ ಮೇಲೆ ಕೂತಿತು. ಅದನ್ನ ಯಾಕೆ ತೆಗೆದ್ರಿ. ಸೀದು ಹೋಗಿತ್ತು ಪುಟ್ಟ, ನಿನ್ನೆ ಹಿಟ್ಟು ಚೆಲ್ತಲ್ಲ. ಮೇಲಿಂದು ನಿಮ್ದು, ಅದನ್ನ ತೆಗೀರಿ, ಕೆಳಗಿಂದು ಯಾಕೆ ತೆಗೆದ್ರಿ, ಅದು ಅಮ್ಮಂದು. ಗೊತ್ತು, ಅಮ್ಮ ಹಾಸಿದ್ದು ಅಂತ ಗೊತ್ತು, ಆದ್ರೆ. ಅಮ್ಮ ಹಾಸಿದ್ದಲ್ಲ. ಪೇಪರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಚಿನ ತಗ್ಗುಗಳ ಮೇಲೆ ಬೆರಳು ಓಡಿಸುತ್ತ, ನಾನು ಹಾಸಿದ್ದು, ಎಂದಳು. ಅಮ್ಮನ ಹುಟ್ಟಿದಬ್ಬಕ್ಕೆ. ಅಮ್ಮ ದಿನಾ ಉಜ್ಜಿ ಉಜ್ಜಿ ಬೆನ್ನು ನೋವು ಅಂತಿದ್ಲು, ಅದಕ್ಕೆ ಅವಳು ಮಲಗಿದ್ದಾಗ ನಾನು ಒಳಗೆ ಕೂತು ಹಾಸ್ದೆ, ಒಳಗೇ ಹೋಗಿದ್ದೆ ಗೊತ್ತಾ, ಅಷ್ಟು ಚಿಕ್ಕೋಳು, ಎಲ್ಲೂ ಸಂದಿ ಬಿಡಬಾರದು ಅಂತ ಸುತ್ತ ಒತ್ತಿದೀನಿ ನೋಡಿ, ಅಮ್ಮ ಎದ್ದು ನೋಡಿ ಮುದ್ದು ಮಾಡಿ, ಬೆಳ್ಳಿ ಮನೆ ಮಾಡ್ಬಿಟ್ಯಲ್ಲೇ ಕಡ್ಡಿ, ಇನ್ಮೇಲೆ ತೊಳೆಯೋದೇ ಬೇಡ ಅಂದ್ಲು, ನಗ್ತಾನೇ ಇದ್ಲು. ಆಮೇಲೆ ಸ್ವಲ್ಪ ದಿನಕ್ಕೇ ಅಮ್ಮ ಸತ್ತೋದ್ಲು.

ಬ್ರಷ್ಷು ನನ್ನ ಕೈಯಲ್ಲೇ ಇದೆ. ಅದರ ಎಳೆಗಳ ನಡುವೆ ಮಸಿ. ಇದೇನು ತೂತು, ಎಂದು ಕಡ್ಡಿ ತಗಡಿನ ಕಡೆ ಬಗ್ಗಿದಳು, ಉದ್ದುದ್ದಕ್ಕೆ, ಇವು ಇದ್ದವಾ ಮೊದಲು. ಅದಾ, ಎಂದೆ, ಒದ್ದೆ ಬಟ್ಟೆ ಅದರ ಮೇಲೆ ಎಳೆಯುತ್ತ, ಅದು ಹಿಡಿಕೆ, ತಗಡು ಎತ್ತೋಕೆ ಬೆರಳು ಹಾಕೋ ಜಾಗ, ಮುಟ್ಟಬೇಡ ಮಸಿ ಆಗುತ್ತೆ, ಯೂನಿಫಾರಂ. ಎಷ್ಟು ಸಲೀಸಾಗಿ ಬಂತು ಸುಳ್ಳು, ಮೊದಲೇ ಬೇಯಿಸಿಟ್ಟ ಹಾಗೆ. ಅವಳು ನಂಬಿದಳು, ಒಂಬತ್ತು ವರ್ಷದವರು ನಂಬುತ್ತಾರೆ, ಹದಿಮೂರು ಹದಿನಾಲ್ಕಕ್ಕೆ ಯಾವುದೋ ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬೆಂಕಿ ಬರೆದು ಗಾಳಿ ಬರೆದು ಬಾಣ ಎಳೆಯುತ್ತಾರೆ, ಗಾಳಿ ಸಾಲದಿದ್ದರೆ ಏನಾಗುತ್ತೆ ಯಾರು ಹೇಳ್ತೀರಿ ಎನ್ನುತ್ತಾರೆ, ಅವತ್ತು ಇವಳ ತಲೆಯಲ್ಲಿ ಸೀಳುಗಳಿರಬಾರದು, ಹಾಳೆ ಇರಬಾರದು, ಬೆಂಚಿನ ಮೇಲೆ ಕೂತ ಹುಡುಗಿ ಮೆಲ್ಲಗೆ ತನ್ನ ಹೆಬ್ಬೆರಳನ್ನು ನೋಡಿಕೊಳ್ಳಬಾರದು. ನಿನ್ನೆ ಅಮ್ಮ ಕರೆದ್ಲು ಗೊತ್ತಾ, ಎಂದಳು ಕಡ್ಡಿ, ಹಾಳೆಯ ಮೇಲೆ ಬೆರಳು ಹಾಗೇ ಇಟ್ಟು, ಯಾವಾಗ್ಲೂ ಸುಮ್ನೆ ಕೂತಿರ್ತಿದ್ಲು, ನಿನ್ನೆ ಕೈ ಚಾಚಿದ್ಲು, ಬಾ ಅಂದ್ಲು, ಇಲ್ಲಿ ಬೆಚ್ಚಗಿದೆ ಬಾ ಅಂದ್ಲು, ನಾನು ಎದ್ದು ಹೋಗ್ತಾ ಇದ್ದೆ, ಇನ್ನೇನು ಕೈ ಸಿಗ್ತಿತ್ತು, ನೀವು ಎಬ್ಬಿಸಿಬಿಟ್ರಿ. ಬೈಗುಳವಿಲ್ಲ ದನಿಯಲ್ಲಿ, ಬಸ್ಸು ತಪ್ಪಿಹೋಯಿತು ಎನ್ನುವ ಹಾಗೆ. ಮುಂದಿನ ಬುಧವಾರ ಮತ್ತೆ ಕರೀತಾಳೆ. ಕಿಟಕಿಯಿಂದ ಗಾಳಿ ಬರುತ್ತಿದೆ, ನನ್ನ ಬೆನ್ನ ಮೇಲಿನ ಬೆವರು ತಣ್ಣಗಾಯಿತು, ಬೆನ್ನ ಹಿಂದೆ ಕುರ್ಚಿ, ನಾನು ತಿರುಗಿ ನೋಡಿದೆ, ನೇರವಾಗಿ, ಕಣ್ಣು ತುಂಬ, ಬರೀ ಕುರ್ಚಿಯೇ, ಆದರೂ ಮನಸ್ಸಿನಲ್ಲಿ ಅದಕ್ಕೆ ಹೇಳಿದೆ, ಕೊಡುವುದಿಲ್ಲ ಅಕ್ಕ, ನೀನು ಯಾರಾದರೂ ಆಗಿರು, ಗ್ಯಾಸಾಗಿರು, ಅವಳೇ ಆಗಿರು, ಈ ಮಗುವನ್ನು ಕೊಡುವುದಿಲ್ಲ.

ಹೋಗು, ಕೈಕಾಲು ತೊಳಿ, ಎಂದು ಕಳಿಸಿದೆ. ತಗಡು ಒರೆಸಿ ಒಣಗಿಸಿ ಕೂರಿಸಿದೆ, ತಿರುಪು ಬಿಗಿ ಮಾಡಿದೆ, ಸೀಳುಗಳು ಈಗ ತೆರೆದ ಕಣ್ಣುಗಳ ಹಾಗೆ, ತಳದಲ್ಲಿ ಏನೂ ಇಲ್ಲ, ಏನೂ ಇರುವುದೂ ಇಲ್ಲ, ಇನ್ನು ಚೆಲ್ಲಿದರೆ ಸರಳಿನ ಮೇಲೊಂದು ಸಣ್ಣ ತಟ್ಟೆ ಇಟ್ಟುಕೊಂಡರಾಯಿತು. ಕೊಳವೆಯ ಕೂಡುಜಾಗಕ್ಕೆ ಸೋಪಿನ ನೊರೆ ಹಚ್ಚಿ ಕೀಲಿ ತಿರುಗಿಸಿದೆ, ಗುಳ್ಳೆ ಏಳಲಿಲ್ಲ, ಸೋರುತ್ತಿಲ್ಲ. ಹಚ್ಚಿದೆ. ಬಗ್ಗಿ ಸೀಳಿನಿಂದ ನೋಡಿದೆ, ನೀಲಿ, ಉದ್ದಕ್ಕೂ ನೀಲಿ, ಹಳದಿ ಒಂದು ಎಳೆಯೂ ಇಲ್ಲ, ಗಿಡ್ಡ ಹಲ್ಲಿನ ಸಾಲಿನ ಹಾಗೆ ಒಂದೇ ಸಮ. ಸಾಲದು ಇಷ್ಟೇ, ಗ್ಯಾಸಿನವನನ್ನು ಕರೆಸಿ ತೋರಿಸಬೇಕು, ಅವನು ಒಪ್ಪುವವರೆಗೆ ಇದರಲ್ಲಿ ಏನೂ ಬೇಯುವುದಿಲ್ಲ, ವಿಷಗಾಳಿ ಬಂದರೆ ಕೂಗುವ ಪೆಟ್ಟಿಗೆ ಸಿಗುತ್ತದಂತೆ, ತಂದು ಗೋಡೆಗೆ ಹಾಕಬೇಕು, ಟೇಪನ್ನು ಅವರು ಮತ್ತೆ ಅಂಟಿಸಿದರೆ ಮತ್ತೆ ಕೀಳುತ್ತೇನೆ, ಸೆಕೆ ರೀ ನನಗೆ, ವಯಸ್ಸು ಅಲ್ವಾ, ಎಂದರೆ ಸಾಕು, ಮುಂದೆ ಕೇಳುವುದಿಲ್ಲ, ಹೆಂಗಸರ ಸೆಕೆ ಎಂದರೆ ಕನ್ನಡಕ ಒರೆಸಲು ಶುರುಮಾಡುತ್ತಾರೆ. ಅವರಿಗೂ ಹೇಳುವುದಿಲ್ಲ. ಹೇಳಿದರೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಜನವಲ್ಲ, ಬಾಯಲ್ಲಿ ಆಡದಿದ್ದರೂ ಮಗಳ ಮುಖ ನೋಡುವ ರೀತಿ ಬದಲಾಗುತ್ತದೆ, ಒಂದು ರೆಪ್ಪೆಯಷ್ಟು, ಮಕ್ಕಳಿಗೆ ಅಷ್ಟು ಸಾಕು. ಟೈಲರಕ್ಕನಿಗಂತೂ, ಅವಳಿಗೆ ಹೇಳುವುದೂ ಬೀದಿಯಲ್ಲಿ ಮೈಕು ಕಟ್ಟುವುದೂ ಒಂದೇ. ಹಾರ್ಟು ಹಾರ್ಟಾಗಿಯೇ ಇರಲಿ.

ಕಡ್ಡಿ ಬಟ್ಟೆ ಬದಲಿಸಿ ಬಂದು ಮೇಜಿಗೆ ಕೂತಳು, ಉರಿಯುವ ಸದ್ದು ಕೇಳಿ ಬಂದಳೇನೋ, ಕುರ್ಚಿಯ ಎದುರು, ಕೈ ಕಟ್ಟಿ, ಇವತ್ತು ಬುಧವಾರವಲ್ಲ ಎಂದು ಇಬ್ಬರಿಗೂ ಗೊತ್ತು. ಕಾದಳು. ನಾನೂ ಕಾದೆ, ಸುಳ್ಳು ಯಾಕೆ, ಕಿವಿ ಹಿಂದಕ್ಕೆ ಹರಿಯಿತು ಟಕ್ ಎಂಬ ಒಂದು ಸದ್ದಿಗೆ. ಪರದೆ ಹಾರಿತು, ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದಾರೆ, ಕೆಳಗೆ ಹೊಲಿಗೆ ಯಂತ್ರ ಓಡುತ್ತಿದೆ, ಮಧ್ಯಾಹ್ನ ಮಧ್ಯಾಹ್ನದ ಹಾಗೇ ಇದೆ, ತಲೆ ಹಗುರ, ಇಷ್ಟು ಹಗುರ ಯಾವತ್ತು ಇತ್ತು. ಬರ್ಲಿಲ್ಲ, ಎಂದಳು. ಆಮೇಲೆ, ಕಿಟಕಿ ಹಾಕಿ, ಎಂದಳು. ಬೇಡ, ಇರಲಿ. ಹಾಕಿ ಅಂದ್ನಲ್ಲ, ಚಳಿಗೆ ಅಮ್ಮ ಬರಲ್ಲ. ಗ್ಯಾಸು ಆರಿಸಿದೆ. ಅವಳು ನನ್ನನ್ನೇ ನೋಡುತ್ತಿದ್ದಾಳೆ, ಮೊದಲ ದಿನ ನೋಡಿದ ಹಾಗೆ, ಅಪರಿಚಿತರನ್ನು ನೋಡುವ ಹಾಗೆ, ಹೋಗಲಿ ಆ ಹಾಳೆ ಕೊಡಿ, ನಾನು ಇಟ್ಕೋತೀನಿ, ನನ್ನ ಪೆಟ್ಟಿಗೇಲಿ. ಇಲ್ಲ. ಯಾಕೆ, ಅದು ನಂದು, ನಾನು ಅಮ್ಮಂಗೆ ಕೊಟ್ಟಿದ್ದು. ಕೊಳಕು ಅದು ಕಡ್ಡಿ, ಎಸೀಬೇಕು. ಮಗುವೇ, ಅದರ ಮೇಲೆ ನಿನ್ನ ಬೆರಳಿದೆ, ನೀನು ಬೆಳೆಯುತ್ತೀಯ, ಪೆಟ್ಟಿಗೆ ತೆಗೆದು ನೋಡುತ್ತೀಯ, ಮತ್ತೆ ಮತ್ತೆ ನೋಡುತ್ತೀಯ. ನೀವು ಬೇಕು ಅಂತ ತೆಗೆದ್ರಿ, ಎಂದಳು, ಅಮ್ಮನ್ನ ನೀವೇ ಓಡಿಸಿದ್ರಿ, ನಿಮಗೆ ಅವಳು ಇರೋದು ಬೇಡ, ಟೈಲರ್ ಆಂಟಿ ಹೇಳಿದ್ರು ಚಿಕ್ಕಮ್ಮ ಬಂದ್ರೆ ಹಿಂಗೇ ಮಾಡ್ತಾರೆ ಅಂತ, ನೀವೇ ತಾನೇ. ಚಿಕ್ಕಮ್ಮ, ಮೊದಲ ಸಲ ಆ ಶಬ್ದ ಆ ಬಾಯಲ್ಲಿ. ಹೂಂ, ಎಂದೆ. ನಾನೇ.

ಅವಳು ಕೂತಿದ್ದ ಕುರ್ಚಿ ಹಿಂದೆ ಸರಿಯಿತು, ಓಡಿದ ಹೆಜ್ಜೆ, ರೂಮಿನ ಬಾಗಿಲು, ಚಿಲಕ. ಇನ್ನು ಬುಧವಾರಗಳಲ್ಲಿ ಮೊಣಕೈ ತಾಗುವಷ್ಟು ಹತ್ತಿರ ಯಾರೂ ಕೂರುವುದಿಲ್ಲ. ಇರಲಿ. ಓಡಿಸಿದವಳು ನಾನು, ಸತ್ತವರ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ನಾನು, ಇದೇ ಇರಲಿ, ಇದನ್ನೇ ಹೊರುತ್ತೇನೆ, ಇವಳು ದೊಡ್ಡವಳಾಗಿ ತನ್ನ ಮಕ್ಕಳಿಗೆ ಹೇಳಲಿ, ನನ್ನ ಚಿಕ್ಕಮ್ಮ ಒಬ್ಬಳಿದ್ದಳು ಎಂದು, ಸಿಟ್ಟು ಬೇಕಾದಷ್ಟು ಇರಲಿ, ಸಿಟ್ಟಿನಿಂದ ಯಾರೂ ತಮ್ಮ ಕೈಯನ್ನು ತಾವು ನೋಡಿಕೊಳ್ಳುವುದಿಲ್ಲ. ನನ್ನ ಹಾಳೆ ಮಡಚಿ ಕಸಕ್ಕೆ ಹಾಕಿದೆ. ಹಳೆಯದನ್ನು ಎತ್ತಿಕೊಂಡೆ, ಮುದ್ದೆ ಮಾಡಬೇಕು, ಗುರುತು ಸಿಗದ ಹಾಗೆ ಮುದ್ದೆ ಮಾಡಿ, ಪೇಪರಲ್ಲಿ ಸುತ್ತಿ, ಬೀದಿಯ ಕೊನೆಯ ತೊಟ್ಟಿಗೆ, ಕಡ್ಡಿ ಹೊರಗೆ ಬರುವ ಮುಂಚೆ. ನಡುಭಾಗ ಮುದುರಿತು, ಚರಚರ, ಮಸಿ ಉದುರಿತು. ಅಂಚಿಗೆ ಬಂದೆ. ತಗ್ಗುಗಳು. ಒತ್ತು ಎನ್ನುತ್ತೇನೆ ಕೈಗೆ, ಒತ್ತುತ್ತಿಲ್ಲ. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಉಗುರಿನ ಗೆರೆಯೂ ಕಾಣುತ್ತದೆ ಬೆಳಕಿಗೆ ಹಿಡಿದರೆ, ಮೂಲೆಯಲ್ಲಿ ಎರಡೆರಡು ಸಲ ಒತ್ತಿದ್ದಾಳೆ, ಮೂಲೆ ಏಳುತ್ತದೆಂದು ಗೊತ್ತಿತ್ತು ಅವಳಿಗೆ, ಅಷ್ಟು ಚಿಕ್ಕವಳಿಗೆ, ತಗಡಿನ ಡಬ್ಬಿಯೊಳಗೆ ಮುದುರಿ ಕೂತು, ನಾಲಿಗೆಯ ತುದಿ ಹೊರಗಿಟ್ಟುಕೊಂಡು, ಅಮ್ಮ ಏಳುವಷ್ಟರಲ್ಲಿ ಮುಗಿಸಬೇಕೆಂದು, ಎಲ್ಲೂ ಸಂದಿ ಬಿಡದ ಹಾಗೆ, ಒಂದು ಹೆಬ್ಬೆರಳು, ಅದರ ಪಕ್ಕ ಇನ್ನೊಂದು, ಅದರ ಪಕ್ಕ